ಬುಟ್ಟಿಯೊಳಗೆ ನಲವತ್ತೊಂದು ಮರಿಗಳು

ಮೂರು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಕೊನೆಯ ವಾರ. ಪುಣೆಯ ಕೋಥರೂಡದಲ್ಲಿರುವ ಒಂದು ಸಣ್ಣ ಪ್ರವಾಸ ಸಂಸ್ಥೆಗೆ ನಾನು ಟೂರ್ ಲೀಡರ್ ಆಗಿ ಸೇರಿ ಐದು ತಿಂಗಳಾಗಿತ್ತು. ಕೊಂಕಣ ಕರಾವಳಿಯ ನಿಸರ್ಗ ಪ್ರವಾಸಗಳು ನನ್ನ ಪಾಲಿಗೆ ಬಂದಿದ್ದವು: ಚಳಿಗಾಲದಲ್ಲಿ ಡಾಲ್ಫಿನ್, ವಲಸೆ ಹಕ್ಕಿ, ಬೇಸಿಗೆ ಹತ್ತಿರವಾದಂತೆ ಕಡಲಾಮೆಯ ಮರಿ. ನನ್ನನ್ನು ಆರಿಸಿದ ಕಾರಣವನ್ನು ಮಾಲೀಕರು ಮುಚ್ಚಿಡಲಿಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದ ಹುಡುಗಿ, ಗಿರಾಕಿಗಳು ಜಗಳಕ್ಕೆ ನಿಂತರೆ ನಿಭಾಯಿಸುತ್ತಾಳೆ ಎಂಬುದೇ ಅದು.

ಆಮೆಮರಿ ತೋರಿಸುವ ಕ್ರಮ ಹೀಗೆ. ತಾಯಿ ಆಮೆ ದಂಡೆಯಲ್ಲಿಟ್ಟ ಮೊಟ್ಟೆಗಳನ್ನು ನಾಯಿನರಿಗಳಿಂದ ಉಳಿಸಲು ಊರಿನವರು ಬಲೆಯ ಬೇಲಿಯೊಳಗೆ ಗುಂಡಿ ತೋಡಿ ಹೂಳುತ್ತಾರೆ. ಇದು ಹ್ಯಾಚರಿ. ದಿನ ತುಂಬುತ್ತಿದ್ದಂತೆ ಪ್ರತಿ ಗುಂಡಿಯ ಮೇಲೆ ಬಿದಿರಿನ ಬುಟ್ಟಿ ಕವುಚಿ, ಬೆಳಿಗ್ಗೆ ಸಂಜೆ ಎತ್ತಿ ನೋಡುತ್ತಾರೆ. ಮರಿಗಳು ಮೇಲೆ ಬಂದಿದ್ದರೆ ಆಗಲೇ ನೀರಿನ ಹತ್ತಿರ ಬಿಡಬೇಕು.

ಅಂದು ಬೆಳಿಗ್ಗೆ ಐದಕ್ಕೆ ಇಪ್ಪತ್ತಾರು ಜನರೊಂದಿಗೆ ಬಸ್ಸಿನಲ್ಲಿ ಹೊರಟೆ. ಹೆಚ್ಚಿನವರು ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಪುಣೆಯಲ್ಲೇ ನೆಲೆಸಿದ ಹಿರಿಯರು. ಮಧ್ಯಾಹ್ನ ತಲುಪಿ, ಸಂಜೆ ಮರಿ ನೋಡುವ ಯೋಜನೆ. ಆದರೆ ಏಳೂವರೆಯ ಹೊತ್ತಿಗೆ ಘಾಟಿನಲ್ಲಿ ಕಂಟೇನರ್ ಲಾರಿಯೊಂದು ಅಡ್ಡಬಿದ್ದು ದಾರಿ ಮುಚ್ಚಿತ್ತು. ಎಡಕ್ಕೆ ಬಂಡೆ, ಬಲಕ್ಕೆ ಕಣಿವೆ, ಹಿಂದೆ ಕಣ್ಣು ಹಾಯುವಷ್ಟೂ ವಾಹನಗಳು. ಬಸ್ಸು ತಿರುಗಿಸಲೂ ಜಾಗವಿರಲಿಲ್ಲ.

"ದಿನಾ ಪುಣೆದಾಗ ಸಿಗ್ನಲ್‌ನ್ಯಾಗ ನಿಂದರ್ತೀವಿ, ಇವತ್ತ ಘಾಟ್‌ನ್ಯಾಗ," ಎಂದರು ನಿವೃತ್ತ ಗಣಿತ ಶಿಕ್ಷಕಿ ಶಾಂತಾಬಾಯಿ. "ಆಮೀನ ನಮ್ಮನ್ನ ನೋಡ್ಲಿಕ್ಕೆ ಬರ್ಲಿ ಬಿಡ್ರಿ. ನಮಗಿಂತ ಜಲ್ದಿ ಬರ್ತದ!"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ಹ್ಯಾಚರಿ ನೋಡಿಕೊಳ್ಳುವ ಗಣಪತ್ ಕಾಕಾನ ಫೋನ್ ಬಂತು. ಮಾತೆಲ್ಲ ಮರಾಠಿಯಲ್ಲಿ.

"ನಲವತ್ತೊಂದು ಮರಿ ಮೇಲೆ ಬಂದಿವೆ. ಈಗ ಬಿಡುತ್ತೇನೆ. ಉಳಿದ ಗುಂಡಿಗಳಿಗೆ ಇನ್ನೂ ವಾರ ಬೇಕು. ಸಂಜೆಗೆ ತೋರಿಸಲು ಏನೂ ಇರುವುದಿಲ್ಲ."

ನಮ್ಮ ಮಾಹಿತಿ ಪತ್ರದಲ್ಲಿ 'ಮರಿಗಳನ್ನು ನೋಡಿಯೇ ಬರುತ್ತೀರಿ' ಎಂದು ಬರೆದವಳು ನಾನೇ. ಸೀಟಿನಲ್ಲಿ ಕುಗ್ಗಿ, ದನಿ ತಗ್ಗಿಸಿ ಕೇಳಿದೆ: "ಮೊಟ್ಟೆಯೊಡೆದ ಮೇಲೆ ಮರಿ ಮರಳಿನೊಳಗೇ ಎರಡು ಮೂರು ದಿನ ಇರುತ್ತದೆ ಅಂತ ನೀವೇ ಹೇಳಿದ್ದಿರಿ. ಹಾಗಾದರೆ ಇನ್ನು ನಾಲ್ಕು ತಾಸಿನಲ್ಲಿ ಏನು ಕೆಡುತ್ತದೆ? ಕೆಡುತ್ತದೆ ಅನ್ನುವುದಕ್ಕೆ ಆಧಾರ ಏನು?"

"ಆಧಾರ ಗೊತ್ತಿಲ್ಲ ಮಗಳೇ. ಎಲ್ಲವೂ ನೀರಿನ ಕಡೆ ಮುಖ ಮಾಡಿವೆ, ಅಷ್ಟೇ."

"ನೆರಳು ಮಾಡಿ, ಒದ್ದೆ ಗೋಣಿ ಹೊದಿಸಿ. ಮಧ್ಯಾಹ್ನಕ್ಕೆ ಬಂದೇ ಬರುತ್ತೇವೆ."

ಅವನು ಒಪ್ಪಿದ. ನಾನು ಗೆದ್ದಿದ್ದೆ.

ಹನ್ನೊಂದಕ್ಕೆ ಮತ್ತೆ ಕರೆ ಮಾಡಿದ. "ಬುಟ್ಟಿ ಕೆರೆಯುತ್ತಿವೆ. ಇನ್ನೆಷ್ಟು ಹೊತ್ತು?" ಬಸ್ಸು ಒಂದು ಗಾಲಿಯಷ್ಟೂ ಮುಂದೆ ಹೋಗಿರಲಿಲ್ಲ. ಬೆಳಿಗ್ಗೆಯ ಮಾತನ್ನು ಈಗ ಬಿಟ್ಟರೆ ಬೆಳಿಗ್ಗೆಯೇ ತಪ್ಪಿದ್ದೆ ಎಂದಾಗುತ್ತದೆ. "ಒಂದೇ ತಾಸು" ಎಂದೆ.

ದಾರಿ ತೆರೆದದ್ದು ಮಧ್ಯಾಹ್ನ ಒಂದಕ್ಕೆ. ದಂಡೆ ಮುಟ್ಟಿದಾಗ ಐದೂಕಾಲು. ಮರಿಗಳ ದಾರಿಗೆ ಅಡ್ಡ ಬಾರದಂತೆ ಕಟ್ಟಿದ ಹಗ್ಗದ ಹಿಂದೆ ಇಪ್ಪತ್ತಾರು ಜನ ಮೊಬೈಲ್ ಹಿಡಿದು ನಿಂತರು. ಕಾಕಾ ಮರಿಗಳನ್ನು ಒದ್ದೆ ಮರಳಿಗೆ ಬಿಟ್ಟ. ಕೆಲವು ಸರಸರ ಹೋದವು, ಹಲವು ನಿಂತು ನಿಂತು ಹೋದವು. ಚಪ್ಪಾಳೆ ಬಿತ್ತು. ಆರು ಮರಿಗಳು ಅಲ್ಲಾಡಲೇ ಇಲ್ಲ. ಹತ್ತು ತಾಸು ಬಿದಿರನ್ನು ನೂಕಿ ನೂಕಿ ಅವುಗಳ ಕಸುವು ಮುಗಿದಿತ್ತು.

"ಇವಕ್ಕೇನಾಗೇದರೀ?" ಎಂದರು ಶಾಂತಾಬಾಯಿ.

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು: ಕಡಲಾಮೆಯ ಮರಿಗಳಲ್ಲಿ ಬದುಕಿ ದೊಡ್ಡವಾಗುವುದೇ ಬಹಳ ಕಡಿಮೆ, ಇದು ನಿಸರ್ಗ. ಆ ಮಾತಿನಲ್ಲಿ ಸುಳ್ಳಿರಲಿಲ್ಲ, ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ. ಕಾಕಾ ಮಾತ್ರ ನನ್ನನ್ನೇ ನೋಡುತ್ತಿದ್ದ. ಅವನಿಗೆ ಕನ್ನಡ ಬಾರದು. ನಾನು ಏನು ಹೇಳಿದರೂ ಅವನಿಗೆ ತಿಳಿಯುತ್ತಿರಲಿಲ್ಲ.

"ಬೆಳಿಗ್ಗೆ ಏಳಕ್ಕ ಬಂದಿದ್ವು," ಎಂದೆ. "ಕಾಕಾ ಬಿಡ್ತೀನಿ ಅಂದ್ರು. ನಿಮಗ ತೋರಿಸಬೇಕಂತ ನಾನ ತಡದಿಡಿಸಿದೆ."

ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು.

"ನಮ್ಮನ್ನೊಂದು ಮಾತು ಕೇಳಬೇಕಿತ್ತಲ್ಲ ತಂಗಿ," ಎಂದರು ಶಾಂತಾಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಇಡೀ ದಿನ ನಿನ್ನ ಹಿಂದನ ಕೂತಿದ್ವಿ. ಬಿಡ್ರಿ ಅಂತಿದ್ವಿ. ಸಮುದ್ರ ನೋಡಿ ಹೊಳ್ಳಿ ಬರ್ತಿದ್ವಿ."

ಕಾಕಾ ಆರನ್ನೂ ಅಲೆ ತಾಕುವಲ್ಲಿಗೆ ಒಯ್ದಿಟ್ಟ. ಎರಡು ನೀರಿನೊಂದಿಗೆ ಹೋದವು. ನಾಲ್ಕು ಅಲ್ಲಾಡದೆ ದಂಡೆಯಲ್ಲೇ ಉಳಿದವು.

ಸ್ಪರ್ಧೆಯಲ್ಲಿ ಎದುರಾಳಿ ಯಾರೆಂದು ಚೀಟಿ ಎತ್ತಿ ಹೇಳುತ್ತಾರೆ. ಕೆಲಸದಲ್ಲಿ ಎದುರಾಳಿಯನ್ನು ನಾವೇ ಆರಿಸಿಕೊಳ್ಳುತ್ತೇವೆ, ಅದೂ ಸುಲಭವಾಗಿ ಸೋಲುವವನನ್ನು. ಇಪ್ಪತ್ತಾರು ಜನರತ್ತ ತಿರುಗಿ 'ಇವತ್ತು ಮರಿ ಕಾಣುವುದಿಲ್ಲ' ಎನ್ನಲು ಹೆದರಿ, ಆಧಾರ ಗೊತ್ತಿಲ್ಲ ಎಂದ ಒಬ್ಬನನ್ನು ಫೋನಿನಲ್ಲಿ ಸೋಲಿಸಿದೆ. ಈಗ ವಾದ ಸಲೀಸಾಗಿ ಗೆಲ್ಲುತ್ತಿದ್ದೇನೆ ಎನಿಸಿದಾಗೆಲ್ಲ ಒಮ್ಮೆ ತಡೆದು, ನಾನು ಮಾತಾಡಬೇಕಿದ್ದುದು ಇವರ ಜೊತೆಗೇನಾ ಎಂದು ನೋಡಿಕೊಳ್ಳುತ್ತೇನೆ.