ಗೋರಿಯ ಸುತ್ತ ನಲವತ್ತೊಂದು ಚಿತ್ರ

ಬಿಂದುಶ್ರೀ ಮತ್ತು ನಾನು ಮೂರು ವರ್ಷ ಒಂದೇ ರೈಲಿನಲ್ಲಿ ಓಡಾಡಿದೆವು. ಬೆಳಿಗ್ಗೆ ವುಡ್‌ಬ್ರಿಡ್ಜ್‌ನಲ್ಲಿ ಹತ್ತಿ ನ್ಯೂಯಾರ್ಕಿನ ಪೆನ್ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದೆವು. ನಾನು ಇನ್ಶೂರೆನ್ಸ್ ಕಂಪನಿಯೊಂದಕ್ಕೆ ಹೋಗುತ್ತಿದ್ದೆ, ಅವಳು ಒಂದು ವಿಶ್ವವಿದ್ಯಾಲಯದ ನೆಲಮಾಳಿಗೆಗೆ. ಅಲ್ಲೇನು ಕೆಲಸ ಎಂದು ನಮ್ಮ ಕನ್ನಡದವರು ಕೇಳಿದರೆ "ಕಂಪ್ಯೂಟರ್ ಕೆಲಸ" ಎಂದು ಮಾತು ಮುಗಿಸಿಬಿಡುತ್ತಿದ್ದಳು. ನನಗೆ ಮಾತ್ರ ಬಿಡಿಸಿ ಹೇಳಿದ್ದಳು. ಪೂರ್ವ ಆಫ್ರಿಕಾದ ಕಡಲತೀರದಲ್ಲಿ ಆರುನೂರು ವರ್ಷ ಹಿಂದಿನ ಊರುಗಳ ಅವಶೇಷಗಳಿವೆ. ಹವಳದ ಕಲ್ಲಿನ ಮನೆಗಳು, ಮಸೀದಿಗಳು, ಕಂಬ ನಿಲ್ಲಿಸಿದ ಗೋರಿಗಳು. ಸಮುದ್ರ ವರ್ಷವರ್ಷವೂ ಒಳಗೆ ಬರುತ್ತಿದೆ. ಎಲ್ಲ ಹೋಗುವುದರೊಳಗೆ ಅವುಗಳ ಸಾವಿರಾರು ಫೋಟೊ ತೆಗೆದು, ಒಂದರ ಅಂಚಿಗೆ ಇನ್ನೊಂದನ್ನು ಕೂಡಿಸಿ, ಕಂಪ್ಯೂಟರಿನಲ್ಲಿ ಅಳತೆ ತಪ್ಪದ ಮಾದರಿ ಕಟ್ಟಬೇಕು. ಫೋಟೊ ತೆಗೆಯುವವರು ಅಲ್ಲಿಯವರು, ಕಟ್ಟುವವಳು ಇವಳು.

ಅವಳು ಮಂಡ್ಯದ ಕಡೆಯವಳು. ತಂದೆ ಬೋರಲಿಂಗಯ್ಯ ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿಯುತ್ತಿದ್ದವರು. ಅಳತೆ ಎಂದ ಮೇಲೆ ಅಂದಾಜಿನ ಮಾತೇ ಕೂಡದು ಎನ್ನುತ್ತಿದ್ದರಂತೆ. ಆ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ಇವಳೇ, ಅದೂ ಸಿವಿಲ್ ಇಂಜಿನಿಯರಿಂಗ್. ಸಾಗರ್‌ನನ್ನು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ವೀಸಾದ ದೆಸೆಯಿಂದ ಒಂಬತ್ತು ವರ್ಷ ಮನೆಯಲ್ಲೇ ಕೂತಳು. ಕೆಲಸದ ಪರ್ಮಿಟ್ ಕೈಗೆ ಬಂದಾಗ ನಲವತ್ತರ ಹತ್ತಿರ. ಪ್ರೊಫೆಸರ್ ಮಾರ್ಗರೆಟ್ ಸಂದರ್ಶನದಲ್ಲಿ ಒಂದು ಹಾಳುಗೋಡೆಯ ಮಾದರಿ ತೋರಿಸಿದಾಗ ಇವಳು ಸುಮ್ಮನೆ ನೋಡುತ್ತಿದ್ದು, ಆ ಮೂಲೆ ಎರಡು ಇಂಚು ತಪ್ಪಿದೆಯಲ್ಲ ಎಂದಳಂತೆ. ಮರುವಾರವೇ ಕೆಲಸ ಸಿಕ್ಕಿತು.

ಅಲ್ಲಿ ಫೋಟೊ ತೆಗೆಯುತ್ತಿದ್ದವನ ಹೆಸರು ಬಕಾರಿ. ಕೆನ್ಯಾದ ಕರಾವಳಿಯವನು, ಐವತ್ತರ ಆಸುಪಾಸು. ಮಂಗಳವಾರ ಬೆಳಿಗ್ಗೆ ಇವಳ ಕಾಫಿಯ ಹೊತ್ತಿಗೆ ಅವನಿಗೆ ಸಂಜೆ. ಆಗ ಇಬ್ಬರೂ ವಿಡಿಯೊದಲ್ಲಿ ಸೇರಿ ವಾರದ ಕೆಲಸ ನೋಡುತ್ತಿದ್ದರು. ಅವನು ಇವಳನ್ನು "ದಾದಾ" ಎಂದು ಕರೆಯುತ್ತಿದ್ದ. ಅವರ ಭಾಷೆಯಲ್ಲಿ ಹಾಗೆಂದರೆ ಅಕ್ಕತಂಗಿ. ನಮ್ಮ ಕಡೆ ದಾದಾ ಎಂದರೆ ರೌಡಿ ಎಂದು ಇವಳು ಹೇಳಿದ ದಿನ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದನಂತೆ. ಒಂಬತ್ತು ವರ್ಷ ಯಾರಿಗೂ ಬೇಕಾಗದ ತನ್ನ ಓದು ಎಲ್ಲೋ ದೂರದ ಒಬ್ಬ ಮನುಷ್ಯನಿಗೆ ಬೇಕಾಯಿತು ಎಂಬ ಸಂತೋಷ ಅವಳ ಮಾತಿನಲ್ಲಿ ಕಾಣುತ್ತಿತ್ತು.

ಹೋದ ವರ್ಷ ಮೇ ತಿಂಗಳಲ್ಲಿ ಸಮುದ್ರದಂಚಿನ ಒಂದು ಗೋರಿಯ ಮಾದರಿ ಕಟ್ಟುತ್ತಿದ್ದಾಗ ನೀರಿನ ಕಡೆಯ ಗೋಡೆಯಲ್ಲಿ ಮೂರಡಿಯಷ್ಟು ಜಾಗ ಖಾಲಿ ಉಳಿಯಿತು. ಆ ಭಾಗ ಯಾವ ಫೋಟೊದಲ್ಲೂ ಇರಲಿಲ್ಲ. ಇನ್ನೊಮ್ಮೆ ತೆಗೆಯಲು ಆಗುತ್ತದೆಯೇ ಎಂದು ಬಕಾರಿಗೆ ಬರೆದಳು. ಈಗ ಗಾಳಿಯ ಕಾಲ, ಅಲೆ ಜೋರಾಗಿದೆ, ಎರಡು ತಿಂಗಳು ಬಿಟ್ಟು ಹೋದರೆ ನಡೆಯುತ್ತದೆಯೇ ಎಂದು ಅವನು ಕೇಳಿದ. ವರದಿ ಜೂನ್ ಹದಿನೈದಕ್ಕೆ ಕೊಡಬೇಕಿತ್ತು. ಸಾಧ್ಯವಾದರೆ ಈ ವಾರವೇ ದಯವಿಟ್ಟು ಎಂದು ಇವಳು ಮತ್ತೆ ಬರೆದಳು. ಆಗಲಿ ದಾದಾ ಎಂಬ ಉತ್ತರ ಬಂತು.

ಗುರುವಾರ ಸಮುದ್ರ ಇಳಿದ ಹೊತ್ತು ನೋಡಿ ಅವನು ಹೋದ. ಅಲೆ ಕೊರೆದಿದ್ದ ದಂಡೆ ಕುಸಿದು ಗೋಡೆಯ ಕಲ್ಲುಗಳು ಅವನ ಮೇಲೆ ಬಿದ್ದವು. ಮೀನು ಹಿಡಿಯುವವರು ನೋಡಿ ಹೊರಗೆಳೆದರು. ಆಸ್ಪತ್ರೆಯಲ್ಲಿ ಎರಡು ದಿನ ಉಸಿರಾಡಿ ಶನಿವಾರ ತೀರಿಕೊಂಡ. ಭಾನುವಾರ ಮಾರ್ಗರೆಟ್ ಫೋನು ಮಾಡಿದಾಗ ಬಿಂದುಶ್ರೀ ಮಗಳು ಭೂಮಿಕಾಳನ್ನು ಈಜಿನ ಕ್ಲಾಸಿಗೆ ಬಿಟ್ಟು ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತಿದ್ದಳು. ಕ್ಲಾಸು ಮುಗಿಸಿ ಬಂದ ಮಗಳೇ ಕಾರಿನ ಗಾಜು ತಟ್ಟಬೇಕಾಯಿತು.

ಸೋಮವಾರ ರೈಲಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದಳು. ನ್ಯೂಯಾರ್ಕ್ ಹತ್ತಿರವಾಗುತ್ತಿದ್ದಂತೆ, ಏನಾಯಿತು ಎಂದು ನಾನೇ ಕೇಳಿದೆ. ಎಲ್ಲ ಹೇಳಿ ಕೊನೆಗೆ, "ನಾನೇ ಕಳಿಸ್ದೆ ಅಕ್ಕ. ಅವ್ರು ಆಮೇಲೆ ಹೋಗ್ತೀನಿ ಅಂದ್ರು, ನಾನು ಈ ವಾರಾನೇ ಅಂದೆ" ಎಂದಳು. ನಾನು ಅವಳ ಕೈ ಹಿಡಿದುಕೊಂಡೆ.

ಸಮಾಧಾನ ಹೇಳುವವರು ಬೇಕಾದಷ್ಟು ಜನರಿದ್ದರು. ಅದು ಆಕ್ಸಿಡೆಂಟ್, ತಲೆಗೆ ಹಚ್ಚಿಕೊಳ್ಳಬೇಡ ಎಂದು ಸಾಗರ್ ಹೇಳಿದ. "ಇಟ್ಸ್ ನಾಟ್ ಆನ್ ಯು, ಅಮ್ಮ" ಎಂದು ಭೂಮಿಕಾ ಅಂದಳು. ಅಲ್ಲಿಯ ಕೆಲಸದ ಜವಾಬ್ದಾರಿ ತನ್ನದು, ನಿನ್ನದಲ್ಲ ಎಂದರು ಮಾರ್ಗರೆಟ್. ಮನೆಯವರಿಗೆ ಸಂತಾಪದ ಪತ್ರ ಬರೆಯೋಣ, ಆದರೆ ನಿನ್ನ ಇಮೇಲಿನ ವಿಷಯ ಅದರಲ್ಲಿ ಬೇಡ ಎಂದೂ ಸೇರಿಸಿದರು. ಅವಳು ಹಾಗೆಯೇ ಬರೆದಳು. ಪತ್ರ ಹೋದ ದಿನದಿಂದ ಅವಳಿಗೆ ಸರಿಯಾಗಿ ಊಟ ಸೇರಲಿಲ್ಲ.

ಬಕಾರಿ ಕ್ಯಾಮೆರಾದ ಚೀಲವನ್ನು ದಂಡೆಯ ಮೇಲಿನ ಒಂದು ಗಿಡಕ್ಕೆ ತೂಗುಹಾಕಿ, ಕ್ಯಾಮೆರಾ ಮಾತ್ರ ಹಿಡಿದು ಕೆಳಗಿಳಿದಿದ್ದನಂತೆ. ಕೈಜಾರಿದ ಕ್ಯಾಮೆರಾ ನೀರುಪಾಲಾಗದೆ ಮರಳಿನಲ್ಲಿ ಸಿಕ್ಕಿತ್ತು. ಜುಲೈನಲ್ಲಿ ಅದರ ಚಿತ್ರಗಳು ನ್ಯೂಯಾರ್ಕಿಗೆ ಬಂದವು. ನಲವತ್ತೊಂದು ಇದ್ದವು. ಬೇರೆಯವರ ಕೈಲಿ ಮಾಡಿಸುತ್ತೇನೆ ಎಂದು ಮಾರ್ಗರೆಟ್ ಅಂದರೂ ಇವಳು ಬಿಟ್ಟುಕೊಡಲಿಲ್ಲ. ಎರಡು ದಿನ ಕೂತು ಕೂಡಿಸಿದಳು. ಮೂರಡಿಯ ಜಾಗ ತುಂಬಿತು. ಒಂದು ಇಂಚೂ ತಪ್ಪಿರಲಿಲ್ಲ. ಆಗಸ್ಟ್ ತಿಂಗಳ ಅಲೆಗಳಲ್ಲಿ ಆ ಗೋರಿ ಪೂರ್ತಿ ಉರುಳಿ ಹೋಯಿತೆಂದು ಸುದ್ದಿ ಬಂತು.

ಅಕ್ಟೋಬರಿನಲ್ಲಿ ಬಕಾರಿಯ ಮಗಳು ಸಾಲ್ಮಾ ಬರೆದಳು. ಕಾಲೇಜಿನಲ್ಲಿ ಓದುತ್ತಿರುವ ಹುಡುಗಿ. ತನ್ನ ತಾಯಿ ಆ ಗೋರಿಯನ್ನು ಒಮ್ಮೆ ನೋಡಬೇಕೆನ್ನುತ್ತಾರೆ, ತೋರಿಸಲು ಆಗುತ್ತದೆಯೇ ಎಂದು ಕೇಳಿದ್ದಳು. ಮಂಗಳವಾರ ಬೆಳಿಗ್ಗೆಯೇ ಸಮಯ ಗೊತ್ತಾಯಿತು. ಪರದೆಯ ಮೇಲೆ ತಲೆಗೆ ಬಟ್ಟೆ ಸುತ್ತಿದ ಒಬ್ಬ ಹೆಂಗಸು, ಪಕ್ಕದಲ್ಲಿ ಮಗಳು. ತಾಯಿಗೆ ಇಂಗ್ಲಿಷ್ ಬಾರದು. ಗೋರಿ ತೋರಿಸುವ ಮೊದಲೇ ಬಿಂದುಶ್ರೀ ಹೇಳಬೇಕಾದ್ದನ್ನು ಹೇಳಿಬಿಟ್ಟಳು. ಅವರು ತಡವಾಗಿ ಹೋಗುತ್ತೇನೆಂದರು, ಆ ವಾರವೇ ಹೋಗಿ ಎಂದವಳು ನಾನು. ಸಾಲ್ಮಾ ಅದನ್ನು ತಾಯಿಗೆ ತಿಳಿಸಿದಳು. ಆಕೆ ನಿಧಾನವಾಗಿ ಏನೋ ಹೇಳಿದರು.

"ಅಮ್ಮನಿಗೆ ಗೊತ್ತಿತ್ತಂತೆ" ಎಂದಳು ಸಾಲ್ಮಾ. "ಹೋಗಬೇಡಿ ಅಂತ ಅವರೂ ಹೇಳಿದ್ದರಂತೆ. ಇಬ್ಬರ ಮಾತಿನಲ್ಲಿ ಅಪ್ಪ ನಿಮ್ಮ ಮಾತು ಕೇಳಿದರು."

ಆ ತಾಯಿಯ ದನಿಯಲ್ಲಿ ಸಿಟ್ಟಿರಲಿಲ್ಲ ಎಂದು ಬಿಂದುಶ್ರೀ ನನಗೆ ಹೇಳಿದಳು. ಸಿಟ್ಟಿದ್ದಿದ್ದರೆ ವಾಸಿಯಿತ್ತು ಎಂದೂ ಹೇಳಿದಳು.

ಆಮೇಲೆ ಆ ತಾಯಿ, ಗೋರಿಯನ್ನಲ್ಲ, ಆ ದಿನ ತಮ್ಮ ಗಂಡ ಎಲ್ಲಿ ನಿಂತಿದ್ದರು ಎಂಬುದನ್ನು ತೋರಿಸಲು ಬರುತ್ತದೆಯೇ ಎಂದು ಕೇಳಿಸಿದರು. ಬರುತ್ತಿತ್ತು. ಒಂದೊಂದು ಫೋಟೊ ತೆಗೆದಾಗಲೂ ಕ್ಯಾಮೆರಾ ಎಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು ಎಂಬುದನ್ನು ಕಂಪ್ಯೂಟರ್ ಲೆಕ್ಕ ಹಾಕಿ ಸಣ್ಣ ನೀಲಿ ಚೌಕಗಳಾಗಿ ಗುರುತಿಸುತ್ತದೆ. ಬಿಂದುಶ್ರೀ ಅವನ್ನು ಪರದೆಗೆ ತಂದಳು. ಗೋರಿಯ ಸುತ್ತ ನಲವತ್ತೊಂದು ಚೌಕಗಳು. ಒಂದೊಂದನ್ನೇ ಮುಟ್ಟುತ್ತ ಹೋದಳು. ಇಲ್ಲಿ ನಿಂತಿದ್ದರು. ಇಲ್ಲಿ ಎರಡು ಹೆಜ್ಜೆ ಹಿಂದೆ ಸರಿದರು. ಇಲ್ಲಿ ಮಂಡಿಯೂರಿ ಕೂತರು. ಇದು ದಂಡೆಯ ಕೆಳಗೆ ಇಳಿದ ಮೇಲೆ. ಸಾಲ್ಮಾ ಮೆಲ್ಲಗೆ ಅನುವಾದಿಸುತ್ತ ಬಂದಳು, ಕೊನೆಕೊನೆಗೆ ಅವಳ ದನಿ ನಿಂತಿತು. ತಾಯಿಗೆ ಅನುವಾದ ಬೇಕಾಗಿರಲಿಲ್ಲ. ನಲವತ್ತೊಂದನೆಯದರ ಹತ್ತಿರ ಬಂದಾಗ ಆಕೆ ತಮ್ಮ ಕಡೆಯ ಪರದೆಯ ಮೇಲೆ ಅಂಗೈ ಇಟ್ಟರು. ಅವರ ಫೋನಿನ ಕ್ಯಾಮೆರಾ ಮುಚ್ಚಿ ಇವಳಿಗೆ ಕಂಡದ್ದು ಬರೀ ಒಂದು ಕತ್ತಲು. ಯಾರೂ ಫೋನು ಇಡಲಿಲ್ಲ. ಆಚೆ ಬದಿಯಿಂದ ಅಳು ಕೇಳುತ್ತಿತ್ತು, ಈಚೆಯೂ ಅದೇ.

ವರ್ಷದ ಕೊನೆಗೆ ಯೋಜನೆಗೆ ಬರುತ್ತಿದ್ದ ಹಣ ನಿಂತು ಬಿಂದುಶ್ರೀಯ ಕೆಲಸವೂ ಹೋಯಿತು. ಈಗ ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿ ಮನೆಮಾಡಿಗೆ ಸೋಲಾರ್ ಹಾಕುವವರ ಬಳಿ ನಕ್ಷೆ ಬರೆಯುತ್ತಾಳೆ, ಡ್ರೈವ್ ಮಾಡಿಕೊಂಡು ಹೋಗುತ್ತಾಳೆ. ಬಿಡುವ ಮೊದಲು ಎರಡು ಕೆಲಸ ಮಾಡಿದಳು. ಗೋರಿಯ ದಾಖಲೆಯಲ್ಲಿ ಬಕಾರಿಯ ಹೆಸರು ಮಾರ್ಗರೆಟ್ ಹೆಸರಿಗಿಂತ ಮೇಲೆ ಬರುವಂತೆ ಹಟ ಹಿಡಿದು ಮಾಡಿಸಿದಳು. ಮತ್ತೆ, ಆ ಮಾದರಿಯನ್ನು ನೀಲಿ ಚೌಕಗಳ ಸಮೇತ ಫೋನಿನಲ್ಲಿ ತೆರೆಯುವಷ್ಟು ಚಿಕ್ಕದು ಮಾಡಿ ಸಾಲ್ಮಾಗೆ ಕಳಿಸಿದಳು.

ಅವರು ಅದನ್ನು ನೋಡುತ್ತಾರಾ ಎಂದು ಮೊನ್ನೆ ಪಟೇಲ್ ದಿನಸಿ ಅಂಗಡಿಯಲ್ಲಿ ಸಿಕ್ಕಾಗ ಕೇಳಿದೆ.

"ಗೊತ್ತಿಲ್ಲ ಅಕ್ಕ" ಎಂದಳು. "ಕೇಳೋ ಧೈರ್ಯ ನಂಗಿನ್ನೂ ಬಂದಿಲ್ಲ."