ಮುಯ್ಯಿ ಟಿಕೀಟು

ಮೊನ್ನೆ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿ ಒಬ್ಬಳೇ ಕೂತು ನಕ್ಕೆ. ಒಂದು ವಿಮಾನ ಕಂಪನಿ ಹೊರದೇಶದ ಇನ್ನೊಂದು ಕಂಪನಿಯ ಜೊತೆ ಕೈಜೋಡಿಸಿದೆಯಂತೆ. ಟಿಕೀಟು ಇವರದು, ಮುಂದಿನ ವಿಮಾನ ಅವರದು. ನಡುವೆ ಇಳಿದು ಹತ್ತಿದರೂ ಪ್ರಯಾಣಿಕನಿಗೆ ಟಿಕೀಟು ಒಂದೇ. ಅದಕ್ಕೆ ಸರಕಾರದ ಒಪ್ಪಿಗೆ ಬೇಕು, ಅರ್ಜಿ ಹಾಕಿ ಕಾಯುತ್ತಿದ್ದಾರೆ ಎಂದು ಬರೆದಿತ್ತು. ಬರೆದ ಧಾಟಿ ನೋಡಿದರೆ ಇದೇನೋ ಹೊಸ ವಿದ್ಯೆ ಅನ್ನಬೇಕು. ಎಂಬತ್ತರ ದಶಕದಲ್ಲಿ ಮೊರಬದ ನಮ್ಮ ಕಾಕಾ ಎರಡು ಹಳೆಯ ಟೆಂಪೊ ನಂಬಿಕೊಂಡು ಇದನ್ನೇ ಮಾಡಹೊರಟಿದ್ದ. ಅವನೂ ಅರ್ಜಿ ಹಾಕಿದ್ದ. ನನ್ನ ನೌಕರಿ ಆ ಅರ್ಜಿಯ ಮೇಲೆಯೇ ನಿಂತಿತ್ತು.

ಕಾಕಾ ಅಂದರೆ ಅಪ್ಪನ ತಮ್ಮ. ಅವನ ಟೆಂಪೊ ಮೊರಬದಿಂದ ನವಲಗುಂದಕ್ಕೆ ಓಡುತ್ತಿತ್ತು. ಅಲ್ಲಿಂದ ಅಣ್ಣಿಗೇರಿಗೆ ಓಡುತ್ತಿದ್ದುದು ಅವನ ಗೆಳೆಯನ ಟೆಂಪೊ. ಆ ಗೆಳೆಯನ ಮನೆಯ ಹೆಂಗಸರು ನವಲಗುಂದದಲ್ಲಿ ಜಮಖಾನ ನೇಯುತ್ತಿದ್ದರು. ಕರಿಮಣ್ಣಿನ ನಮ್ಮ ಎರಿಹೊಲದ ಬಾಜುವಿಗೆ ಅವರದೂ ಒಂದಿಷ್ಟು ಹೊಲವಿತ್ತು. ಅವರನ್ನು ನಾನು ಚಾಚಾ ಅನ್ನುತ್ತಿದ್ದೆ. ಕಾಕಾ, ಚಾಚಾ, ಎರಡರ ಅರ್ಥವೂ ಒಂದೇ, ಬೈಯುವುದರಲ್ಲೂ ಇಬ್ಬರೂ ಒಂದೇ.

ಆ ಬೇಸಿಗೆಯಲ್ಲಿ ನನಗೆ ಅಣ್ಣಿಗೇರಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರ ನೌಕರಿ ಸಿಕ್ಕಿತು. ಜೂನಿನಲ್ಲಿ ಶಾಲೆ ಶುರುವಾಗುವ ದಿನವೇ ಹಾಜರಾಗಬೇಕು, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಅಂದಿದ್ದರು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವನದೇ ಹುಕುಂ. "ದಿನಾ ಹೋಗಿ ದಿನಾ ಬರೂದಾದ್ರ ಹೋಗ. ಅಲ್ಲೇ ಖೋಲಿ ಹಿಡದ ಇರ್ತೀನಿ ಅಂದ್ರ ಬ್ಯಾಡ. ಅಣ್ಣಿಗೇರ್ಯಾಗ ನಮ್ಮವರು ಅಂತ ಒಂದ ನಾಯಿ ಸೈತ ಇಲ್ಲ" ಅಂದುಬಿಟ್ಟಳು. ದಿನಾ ಹೋಗಿಬರುವುದು ಹೇಗೆ? ನಮ್ಮೂರಿನ ಸರಕಾರಿ ಬಸ್ಸುಗಳೆಲ್ಲ ಹುಬ್ಬಳ್ಳಿಯ ದಾರಿ ಹಿಡಿಯುತ್ತಿದ್ದವು. ಕಾಕಾನ ಟೆಂಪೊ ನವಲಗುಂದ ಮುಟ್ಟುವಷ್ಟರಲ್ಲಿ ಚಾಚಾನದು ಅಣ್ಣಿಗೇರಿಗೆ ಹೊರಟುಹೋಗಿರುತ್ತಿತ್ತು. ಅದು ಅವ್ವನಿಗೂ ಗೊತ್ತಿತ್ತು. "ಮಂದಿ ಗಾಡಿ ನಿನ್ನ ಸಲುವಾಗಿ ನಿಂದರ್ತೈತೇನ?" ಎಂದು ಕೇಳಿ ರೊಟ್ಟಿ ಬಡಿಯಲು ಕೂತಳು. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಅವ್ವನ ಎದುರು ನನ್ನ ಸಿಟ್ಟು ಎಂದೂ ನಡೆದದ್ದಿಲ್ಲ.

ಕಟ್ಟೆಯ ಮೇಲೆ ಕೂತಿದ್ದ ಕಾಕಾ ತನ್ನ ಅತ್ತಿಗೆಗೆ ಹೇಳಿದ: "ಯಾಕ ನಿಂದ್ರಂಗಿಲ್ಲ ವೈನಿ? ನಾವಿಬ್ಬರೂ ಮುಯ್ಯಿ ಮಾಡ್ತೀವಿ. ಇಲ್ಲೇ ಒಂದ ಟಿಕೀಟ ಹರೀತೀನಿ, ಅದರ ಮ್ಯಾಲೇ ಅಣ್ಣಿಗೇರಿತನಕ ಹೋಗ್ಲಿ. ಅಂವ ನನ್ನ ಮಂದಿಗೆ ಕಾಯ್ತಾನ, ಸಂಜಿಮುಂದ ನಾ ಅವನ ಮಂದಿಗೆ ಕಾಯ್ತೀನಿ."

ನಮ್ಮ ಕಡೆ ಮುಯ್ಯಿ ಅಂದರೆ ಹೊಲದ ಕೆಲಸಕ್ಕೆ ಆಳು ಬದಲಿಸಿಕೊಳ್ಳುವುದು. ಇವತ್ತು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಕೂಲಿ ಇಲ್ಲ. ಹಾಗೆ ಬಂದವರಿಗೆ ಮುಯ್ಯಾಳು ಅನ್ನುತ್ತೇವೆ. ಮುಯ್ಯಾಳು ಬರುವ ತನಕ ಹೊಲದವರು ಪೈರಿಗೆ ಕುಡಗೋಲು ಹಚ್ಚುವುದಿಲ್ಲ, ಕಾಯುತ್ತಾರೆ. ಇನ್ನೊಂದು ಮಾತು. ಕೂಲಿಯವರ ಬೆನ್ನ ಹಿಂದೆ ಮಾಲಕ ನಿಂತು ನೋಡುತ್ತಾನೆ, ಮುಯ್ಯಾಳಿನ ಹಿಂದೆ ನಿಲ್ಲಬಾರದು. ನಿಂತರೆ ನಿನ್ನ ಮೇಲೆ ನಂಬಿಗೆ ಇಲ್ಲ ಅಂದಂತೆ. ಚಿಕ್ಕಂದಿನಲ್ಲಿ ನಾನು ಹತ್ತಿ ಬಿಡಿಸುವ ಮುಯ್ಯಾಳುಗಳ ಹಿಂದೆ ಹಿಂದೆ ಹೋಗಿ, ಇಲ್ಲಿ ಉಳೀತು, ಅಲ್ಲಿ ಉಳೀತು ಎಂದು ತೋರಿಸಿದ್ದಕ್ಕೆ ಅವ್ವನಿಂದ ಬೆನ್ನ ಮೇಲೆ ಒಂದು ಗುದ್ದು ತಿಂದಿದ್ದೆ.

ಕಾಕಾ, ಚಾಚಾ ಮೇ ತಿಂಗಳಲ್ಲೇ ಮುಯ್ಯಿ ಶುರು ಮಾಡಿದರು. ಮಂದಿಗೂ ಹಿಡಿಸಿತು. ಅಷ್ಟರಲ್ಲಿ ತಪಾಸಣೆಯವರು ಒಂದು ದಿನ ಚಾಚಾನ ಟೆಂಪೊ ತಡೆದು ನೋಡುತ್ತಾರೆ, ಒಳಗೆ ಕೂತ ಅರ್ಧ ಮಂದಿಯ ಕೈಯಲ್ಲಿ ಬೇರೆ ಗಾಡಿಯ ಟಿಕೀಟು. ಹೀಗೆ ಓಡಿಸಲು ಸಾರಿಗೆ ಕಚೇರಿಯ ಪರವಾನಗಿ ಬೇಕು, ಅದು ಸಿಗುವ ತನಕ ಬಂದ್ ಮಾಡಿ ಎಂದು ಹೇಳಿ ಹೋದರು.

ಅರ್ಜಿ ನಾನು ಬರೆದುಕೊಡುತ್ತೇನೆ ಅಂದೆ. "ನಾ ಮುಲ್ಕಿ ಪಾಸ್ ಆಗೇನಿ. ನಿನ್ನ ಬಿ.ಎ. ನಿನ್ನ ಹಂತೇಕ ಇಟಗೋ" ಅಂದ ಕಾಕಾ. ಏಳನೆಯ ಇಯತ್ತೆಯ ಆ ಪರೀಕ್ಷೆ ಪಾಸಾದ ಗರ್ವ ಅವನಿಗೆ ಕೊನೆಯ ತನಕ ಇತ್ತು. ತಾನೇ ಕೂತು, ಅಕ್ಷರ ಕೊರೆದು ಕೊರೆದು ಬರೆದು, ಧಾರವಾಡಕ್ಕೆ ಟಪಾಲು ಹಾಕಿದ.

ಉತ್ತರ ಬಂತು. ಅರ್ಜಿದಾರರಿಬ್ಬರ ನಡುವೆ ವೈಷಮ್ಯವಿರುವುದು ಅರ್ಜಿಯಿಂದಲೇ ಕಂಡುಬರುವ ಕಾರಣ, ಪ್ರಯಾಣಿಕರ ಸುರಕ್ಷತೆಯ ದೃಷ್ಟಿಯಿಂದ ಪರವಾನಗಿ ಕೊಡಲಾಗುವುದಿಲ್ಲ. ಹೇಳುವುದೇನಾದರೂ ಇದ್ದರೆ ಖುದ್ದಾಗಿ ಬಂದು ಹೇಳಬಹುದು. ನಾನು ಓದಿ ಹೇಳಿದೆ. ಕಾಕಾ ಇನ್ನೊಮ್ಮೆ ಓದಿಸಿದ. ವೈಷಮ್ಯ ಅಂದರೆ ಹಗೆತನ ಎಂದು ತಿಳಿದ ಮೇಲೆ ಮೋರೆ ಸಣ್ಣದಾಯಿತು. ಯಾರೋ ಚಾಡಿ ಹೇಳಿದ್ದಾರೆ ಎಂದು ಅವನ ಗುಮಾನಿ. ನನಗೆ ಮಾತ್ರ ಶಾಲೆಯದೇ ಚಿಂತೆ. ಶುರುವಾಗಲು ಒಂದು ವಾರವೂ ಉಳಿದಿರಲಿಲ್ಲ. ಅಳು ಬಂತು, ಹಿತ್ತಲಿಗೆ ಹೋಗಿ ಅತ್ತೆ.

ಮರುದಿನವೇ ಕಾಕಾ, ಚಾಚಾ, ನಾನು ಮೂವರೂ ಧಾರವಾಡಕ್ಕೆ ಹೋದೆವು. ಸಾರಿಗೆ ಕಚೇರಿಯ ಸಾಹೇಬರು ಮೈಸೂರಿನ ಕಡೆಯವರು, ಮೆತ್ತಗೆ ಮಾತಾಡುವ ಮನುಷ್ಯ. ಅರ್ಜಿಯನ್ನು ಮುಂದಿಟ್ಟುಕೊಂಡು ಕೇಳಿದರು: "ಇಬ್ಬರೂ ನೋಡೋಕೆ ಒಳ್ಳೆಯವರ ಹಾಗೆ ಇದ್ದೀರಿ. ಏನ್ರೀ ನಿಮ್ಮ ಜಗಳ?"

"ಜಗಳ? ಯಾರ್ದರಿ?" ಅಂದ ಕಾಕಾ.

"ನೀವೇ ಬರೆದಿದ್ದೀರಲ್ಲ. ಮೊರಬದ ಗಾಡಿಯೂ ಅಣ್ಣಿಗೇರಿ ಗಾಡಿಯೂ ಮುಯ್ಯಿಗೆ ಮುಯ್ಯಿ ಓಡಿಸುತ್ತೇವೆ ಅಂತ. ರಸ್ತೆ ಮೇಲೆ ಸೇಡು ತೀರಿಸಿಕೊಳ್ಳೋಕೆ ನಾನು ಪರ್ಮಿಟ್ ಕೊಡಬೇಕಾ?"

ಕಾಕಾ ಬಾಯಿ ತೆರೆದುಕೊಂಡು ಚಾಚಾನ ಕಡೆ ತಿರುಗಿದ. "ಏನಲೇ, ನಿನಗೇನರ ನನ್ನ ಮ್ಯಾಲೆ ಸಿಟ್ಟೈತೇನ?"

ಚಾಚಾ ಗಡ್ಡ ಕೆರೆದುಕೊಂಡು ಯೋಚಿಸಿದರು. "ಹೋದ ವರ್ಷ ಕುಸುಬಿ ಕೀಳಾಕ ಬರ್ತೀನಂದು ಬರಲಿಲ್ಲ ನೋಡ. ಮುಳ್ಳ ಚುಚ್ಚತಾವಂತ ಮನ್ಯಾಗ ಮಲಗಿದಿ. ಅದೊಂದ ಐತ್ರಿ ಸಾಹೇಬ್ರ."

ಬಾಗಿಲಲ್ಲಿ ನಿಂತಿದ್ದ ಸಿಪಾಯಿ ನಮ್ಮ ಕಡೆಯವನೇ. ಅವನಿಗೆ ನಗು ತಡೆಯಲಾಗಲಿಲ್ಲ. ನನಗೆ ಆಗ ಹೊಳೆಯಿತು. ಪುಸ್ತಕದ ಕನ್ನಡದಲ್ಲಿ ಮುಯ್ಯಿಗೆ ಮುಯ್ಯಿ ಅಂದರೆ ಏಟಿಗೆ ಎದಿರೇಟು, ಸೇಡು. ಸಾಹೇಬರು ಓದಿದ್ದು ಆ ಮುಯ್ಯಿ, ಕಾಕಾ ಬರೆದದ್ದು ಹೊಲದ ಮುಯ್ಯಿ. ಅದನ್ನು ಬಿಡಿಸಿ ಹೇಳಿದೆ. ನನ್ನ ನೌಕರಿಯನ್ನೂ ಅವ್ವನ ಹಟವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ನಕ್ಕು ಮುಗಿದ ಮೇಲೆ ಕಾಯಿದೆಯ ಮಾತಿಗೆ ಬಂದರು. "ಮೊದಲನೇ ಗಾಡಿ ತಡವಾದರೆ ಎರಡನೆಯದು ಏನು ಮಾಡುತ್ತೆ?"

"ನಿಂದರ್ತೈತ್ರಿ" ಅಂದರು ಚಾಚಾ. "ಮುಯ್ಯಾಳ ಬರೋತನಕ ಯಾರರ ಕುಡಗೋಲ ಹಚ್ತಾರೇನ್ರಿ?"

ಸಾಹೇಬರು ಮುಯ್ಯಿ ಅನ್ನುವುದನ್ನು ಹೊಡೆದುಹಾಕಿ, ಮೇಲೆ ಪರಸ್ಪರ ಸಹಕಾರ ಸೇವೆ ಎಂದು ಬರೆದು, ಮಳೆಗಾಲ ಮುಗಿಯುವ ತನಕ ನಡೆಸಿ ನೋಡಿ ಎಂದು ತಾತ್ಕಾಲಿಕ ಪರವಾನಗಿ ಕೊಟ್ಟರು. ಹೊರಗೆ ಬಂದ ಕಾಕಾ ಆ ಹೆಸರನ್ನು ಎರಡು ಸಲ ಅಂದು ನೋಡಿದ. "ಬಾಯಾಗ ಕಲ್ಲ ಹಾಕ್ಕೊಂಡಂಗ ಆಗ್ತೈತಿ. ನಾವು ಮುಯ್ಯಿ ಅಂತೇ ಅನ್ನೂಣು" ಅಂದ. ಆ ದಿನ ನನಗೆ ಆದ ಸಂತೋಷಕ್ಕೆ ಅವರಿಬ್ಬರಿಗೂ ನಾನೇ ಚಹಾ ಕುಡಿಸಿದೆ.

ಇಷ್ಟಾದರೂ ಅವ್ವ ಪೂರ್ತಿ ಒಪ್ಪಿರಲಿಲ್ಲ. "ಹಾಳಿ ಮ್ಯಾಲೆ ಬರದ ಕೊಟ್ರ ಗಾಡಿ ನಿಂತಂಗ ಆತೇನ? ಮೊದಲನೇ ದಿನ ನಾನೂ ಅಣ್ಣಿಗೇರಿತನಕ ಬರ್ತೀನಿ. ಅಂವ ನಿಂದರ್ಲಿಲ್ಲ ಅಂದ್ರ ಹಂಗ ಹೊಳ್ಳಿ ಮನೀಗೆ" ಅಂದಳು.

ಆ ಮುಂಜಾನೆ ಅವ್ವ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ನನ್ನ ರೊಟ್ಟಿಯ ಗಂಟು ಹಿಡಿದು ಟೆಂಪೊ ಹತ್ತಿದಳು. ರಾತ್ರಿಯೆಲ್ಲ ಮಳೆ ಹೊಡೆದಿತ್ತು. ಊರು ದಾಟಿದ ಮೇಲೆ ಟೆಂಪೊ ರಾಡಿಯಲ್ಲಿ ಹೂತುಕೊಂಡಿತು. ಎಲ್ಲರೂ ಇಳಿದು ನೂಕಿದೆವು. ಎರಿಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಕಾಲೆತ್ತಲು ಬರಲಿಲ್ಲ. ಹೊತ್ತು ಮೀರಿತ್ತು. ಚಾಚಾ ಹೋಗಿರುತ್ತಾರೆ, ಎಷ್ಟಂತ ಕಾಯುತ್ತಾರೆ ಎಂದು ನಾನು ಮನಸ್ಸಿನಲ್ಲೇ ನೌಕರಿಯ ಆಸೆ ಬಿಟ್ಟೆ.

ನವಲಗುಂದದಲ್ಲಿ ಚಾಚಾನ ಟೆಂಪೊ ಇನ್ನೂ ನಿಂತಿತ್ತು. ಒಳಗಿನ ಮಂದಿ ಚಾಚಾನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ಅವರು ಮಾತ್ರ ಬಾಗಿಲಿಗೆ ಒರಗಿಕೊಂಡು, "ಮುಯ್ಯಾಳ ಬರಬೇಕ್ರಿ, ತಡೀರಿ" ಅನ್ನುತ್ತಿದ್ದರು. ಮುಂದಿನ ಸೀಟಿನಲ್ಲಿ ಯಾರೂ ಕೂಡದಂತೆ ಎರಡು ಜಮಖಾನದ ತುಂಡು ಹಾಸಿಟ್ಟಿದ್ದರು, ಒಂದು ನನಗೆ, ಒಂದು ಅವ್ವನಿಗೆ. ಅವ್ವ ಬರುವ ಸುದ್ದಿ ಕಾಕಾ ಮೊದಲೇ ಮುಟ್ಟಿಸಿದ್ದ.

ಅವ್ವ ಮೆಟ್ಟಿಲ ಹತ್ತಿರ ನಿಂತು ಆ ಜಮಖಾನ ನೋಡಿದಳು. ಆಮೇಲೆ ರೊಟ್ಟಿಯ ಗಂಟನ್ನು ನನ್ನ ಕೈಗೆ ಕೊಟ್ಟಳು.

"ನೀ ಹೋಗ."

"ನೀ ಬರಂಗಿಲ್ಲೇನ ಬೇ?"

"ಮುಯ್ಯಾಳಿನ ಬೆನ್ನ ಹಿಂದ ನಿಂದರಬಾರ್ದು" ಅಂದು, ರಾಡಿಗಾಲಿನಲ್ಲಿ ಹೊಳ್ಳಿ ಹೋಗಿ ಕಾಕಾನ ಟೆಂಪೊದಲ್ಲಿ ಕೂತಳು.