ನರ್ಸಮ್ಮ ಒಡೆದ ಬೀಗ

ಆಸ್ಪತ್ರೆಯ ಜಗಲಿಯ ಮೇಲೆ ನರ್ಸ್ ಚೆನ್ನಾಜಮ್ಮನವರು ಒದ್ದೆ ಬಟ್ಟೆ ಹಿಡಿದು ನಿಂತಿರುತ್ತಿದ್ದರು. ಬಂದ ಮಗುವಿನ ಮುಖಕ್ಕೆ ಮೊದಲು ಆ ಬಟ್ಟೆ. ಪೌಡರು, ಕಾಡಿಗೆ, ಕೆನ್ನೆಯ ದೃಷ್ಟಿಬೊಟ್ಟು ಎಲ್ಲ ಒಂದೇ ಸಲಕ್ಕೆ ಹೋಗಬೇಕು. ಐವತ್ತರ ದಶಕದಲ್ಲಿ ನಮ್ಮ ಹುಣಸೂರು ಕಡೆಯ ಹೆಂಗಸರಿಗೆ ಆಸ್ಪತ್ರೆಗೆ ಹೋಗುವುದೆಂದರೆ ದೊಡ್ಡವರ ಮನೆಗೆ ಹೋದ ಹಾಗೆ. ಕಾಯಿಲೆ ಎಷ್ಟೇ ಜೋರಿರಲಿ, ಮಗುವಿಗೆ ಸಿಂಗಾರ ಮಾಡಿಯೇ ಎತ್ತಿಕೊಂಡು ಹೋಗುತ್ತಿದ್ದೆವು.

"ಮೊಕದ ಬಣ್ಣ ನೋಡಾನ ಅಂದ್ರೆ ಸುಣ್ಣ ಬಳ್ಕೊಂಡು ಬಂದಿದ್ದೀರಲ್ರವ್ವಾ! ಮದ್ವೆಗೆ ಒಂಟಿದ್ರಾ?" ಎಂದು ಗದರುತ್ತಿದ್ದರು.

ಅವರು ಕುಳ್ಳಗಿದ್ದರು, ಕೊರಳಲ್ಲಿ ಶಿವದಾರ, ಗಂಟಲು ಮಾತ್ರ ಬಸ್ ನಿಲ್ದಾಣದವರೆಗೆ ಕೇಳುವಂಥದ್ದು. ಊರಿನಲ್ಲಿ ಅವರನ್ನು ಕಂಡರೆ ಆಗುತ್ತಿದ್ದವರು ಕಡಿಮೆ. ನನಗೂ ಮೊದಮೊದಲು ಆಗುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಯಾರು ಮೊದಲು ಬಂದರು, ಯಾರು ದೊಡ್ಡವರು ಎಂಬುದೆಲ್ಲ ಅವರಿಗೆ ಲೆಕ್ಕಕ್ಕೇ ಇಲ್ಲ. ಒಮ್ಮೆ ಪಟೇಲರೊಬ್ಬರ ಮಗ ಮರದಿಂದ ಬಿದ್ದು ಮುಂಗೈ ಊದಿಸಿಕೊಂಡು ಹೆಂಚು ಹಾರಿಹೋಗುವಂತೆ ಅರಚುತ್ತಿದ್ದ. ಚೆನ್ನಾಜಮ್ಮನವರು ಅವನ ಕೈಗೆ ದಬ್ಬೆ ಕಟ್ಟಿ ಕೂರಿಸಿದರು. ಮೂಲೆಯಲ್ಲಿ ಕೂಲಿಯವಳೊಬ್ಬಳ ಮಡಿಲಲ್ಲಿ ಸದ್ದಿಲ್ಲದೆ ಮಲಗಿದ್ದ ಕೂಸಿನ ಹೊಟ್ಟೆಯ ಚರ್ಮ ಹಿಡಿದು ಬಿಟ್ಟರು. ಹಿಡಿದ ಮಡಿಕೆ ಹಾಗೇ ನಿಂತಿತು. ವಾಂತಿ ಭೇದಿಯಿಂದ ಮೈಯ ನೀರೆಲ್ಲ ಬತ್ತಿತ್ತು. ಕೂಸನ್ನು ಎತ್ತಿಕೊಂಡು ಒಳಗೆ ಹೊರಟರೆ ಪಟೇಲರು ಎದ್ದು ಅಡ್ಡ ನಿಂತರು.

"ಅರಚೋ ಮಗೀಗೆ ಉಸ್ರದೆ ಕಣ್ರೀ, ಕಾಯ್ತದೆ. ಸುಮ್ಕೆ ಬಿದ್ದಿರೋದು ಕಾಯಕಿಲ್ಲ. ಜರುಗಿ!" ಎಂದರು. ಪಟೇಲರು ಜರುಗಿದರು.

ನನ್ನ ಗಿರಿಜೆಗೆ ಆಗ ಹನ್ನೊಂದು ತಿಂಗಳು. ನಾಲ್ಕು ದಿನ ಕೆಮ್ಮು, ಜ್ವರ. ಐದನೆಯ ದಿನ ಅಳು ನಿಂತಿತು. ಗುಣವಾಗುತ್ತಿದೆ ಎಂದರು ನಮ್ಮತ್ತೆ. ನನಗೇಕೋ ಸಮಾಧಾನವಾಗಲಿಲ್ಲ. ಕುಲಾವಿ ಹಾಕಿ, ಪೌಡರು ಬಳಿದು, ಕಂಬಳಿಯಲ್ಲಿ ಸುತ್ತಿ ಅತ್ತೆಯೊಂದಿಗೆ ಆಸ್ಪತ್ರೆಗೆ ಹೋದೆ. ಒದ್ದೆ ಬಟ್ಟೆ ಆಡಿತು. ಪೌಡರಿನ ಕೆಳಗೆ ತುಟಿ ನೀಲಿ. ಚೆನ್ನಾಜಮ್ಮನವರು ಕಂಬಳಿ ಕಿತ್ತೆಸೆದು ಅಂಗಿ ಬಿಚ್ಚಿದರು. ಉಸಿರೆಳೆದಾಗಲೆಲ್ಲ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಅದನ್ನು ಅಷ್ಟು ದಿನ ಬಟ್ಟೆಯೊಳಗೆ ಮುಚ್ಚಿಟ್ಟಿದ್ದವಳು ನಾನೇ.

ಡಾಕ್ಟರು ಮೈಸೂರಿಗೆ ಹೋಗಿದ್ದರು, ಸಂಜೆಯ ಬಸ್ಸಿಗೆ ಬರುವವರು. ಪೆನಿಸಿಲಿನ್ ಮದ್ದು ಅವರ ಕೋಣೆಯ ಬೀರುವಿನಲ್ಲಿ, ಬೀಗದ ಕೈ ಅವರ ಜೇಬಿನಲ್ಲಿ.

"ಸಂದೆಗಂಟ ಈ ಕೂಸು ಇರಕಿಲ್ಲ. ಕಾಳಯ್ಯ, ಹಾರೆ ತಾ" ಎಂದರು.

ಜವಾನ ಕಾಳಯ್ಯ ಎರಡು ಹೆಜ್ಜೆ ಹಿಂದೆ ಸರಿದ. "ಬ್ಯಾಡಿ ಕಣಕ್ಕಾ, ನಮ್ಮಿಬ್ರ ಕೆಲ್ಸಾನೂ ಓಯ್ತದೆ."

"ಸರ್ಕಾರದ ಬೀಗ ಕಣವ್ವ, ನಮಗ್ಯಾಕ್ ಬುಡು" ಎಂದು ಅತ್ತೆ ನನ್ನ ಸೆರಗು ಹಿಡಿದರು. ಅತ್ತೆಯೆದುರು ತಲೆಯೆತ್ತಿ ಮಾತಾಡಿದವಳಲ್ಲ ನಾನು. ಅವತ್ತು ಸೆರಗು ಕೊಸರಿಕೊಂಡು ಹಿತ್ತಲಿಗೆ ಓಡಿ ಹಾರೆ ತಂದುಕೊಟ್ಟೆ. ಚೆನ್ನಾಜಮ್ಮನವರ ಎರಡೇ ಏಟಿಗೆ ಬೀಗ ಕೆಳಗೆ ಬಿತ್ತು.

ಸೂಜಿ ಹಾಕಿ, ಮಗುವನ್ನು ತಮ್ಮ ಎದೆಗೆ ಒರಗಿಸಿಕೊಂಡು ಕೂತರು. ಕೂತಲ್ಲೇ ಊಟ, ಕೂತಲ್ಲೇ ತೂಕಡಿಕೆ. ಮೂರನೆಯ ದಿನ ಗಿರಿಜೆ ಗಟ್ಟಿಯಾಗಿ ಅತ್ತಳು. ನಾನು ಎತ್ತಿಕೊಳ್ಳಲು ಹೋದರೆ, "ಅಳ್ಲಿ ಬುಡವ್ವ, ಕೇಳಾನ" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಬೀಗ ಒಡೆದದ್ದಕ್ಕೆ ವಿಚಾರಣೆ ನಡೆಯಿತು. "ನಂಗೇನೂ ಗೊತ್ತಿಲ್ಲ ಅನ್ನು" ಎಂದು ಮಾವನವರು ಹೇಳಿಕೊಟ್ಟಿದ್ದರು. "ಹಾರೆ ತಂದುಕೊಟ್ಟವಳು ನಾನು, ಅದನ್ನೂ ಬರ್ಕೊಳಿ" ಎಂದೆ ನಾನು. ಮನೆಯಲ್ಲಿ ತಿಂಗಳುಗಟ್ಟಲೆ ಯಾರೂ ನನ್ನನ್ನು ಮಾತಾಡಿಸಲಿಲ್ಲ. ಬೇಡ, ಏನೀಗ?

ತಪ್ಪಾಯಿತು ಎಂದು ಬರೆದುಕೊಟ್ಟರೆ ಇಲ್ಲೇ ಇರಬಹುದು ಎಂದು ಚೆನ್ನಾಜಮ್ಮನವರಿಗೆ ಕಾಗದ ಕೊಟ್ಟರಂತೆ. ಅವರು ಬರೆದದ್ದನ್ನು ಕಾಳಯ್ಯ ಊರಿಗೆಲ್ಲ ಹೇಳಿಕೊಂಡು ತಿರುಗಿದ: "ಬೀಗ ಒಡೆದದ್ದು ನಿಜ. ಇನ್ನೊಂದು ಅಂಥ ಮಗು ಬಂದರೆ ಮತ್ತೆ ಒಡೆಯುತ್ತೇನೆ. ಆದ್ದರಿಂದ ಒಂದು ಬೀಗದ ಕೈ ನನ್ನ ಹತ್ತಿರ ಇರತಕ್ಕದ್ದು." ವಾರದೊಳಗೆ ವರ್ಗವಾಯಿತು, ಎಚ್.ಡಿ. ಕೋಟೆಯ ಆಚೆ, ಕಾಡಂಚಿನ ಒಂದು ಡಿಸ್ಪೆನ್ಸರಿಗೆ. ಆ ಹೆಂಗಸಿಗೆ ಶಿಸ್ತು ಇರಲಿಲ್ಲ ಎನ್ನುವವರು ಈಗಲೂ ಇದ್ದಾರೆ. ಅವರ ಮಕ್ಕಳು ತಣ್ಣಗಿರಲಿ.

ಮೂರು ವರ್ಷದ ಮೇಲೆ ಹಣ್ಣು, ಸೀರೆ ಹಿಡಿದು, ಗಿರಿಜೆಯನ್ನು ಕರೆದುಕೊಂಡು ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದು ಹೋದೆ. ಬಾಗಿಲ ತುಂಬ ಕಾಡಿನ ಹಾಡಿಗಳ ತಾಯಂದಿರು. ಚೆನ್ನಾಜಮ್ಮನವರು ನನ್ನ ಮುಖ ನೋಡಲಿಲ್ಲ. ಗಿರಿಜೆಯ ತುಟಿ ನೋಡಿದರು, ಉಗುರು ಒತ್ತಿದರು, ಎದೆಯ ಮೇಲೆ ಕೈಯಿಟ್ಟರು.

"ಏನಾಗದೆ ಇದ್ಕೆ?"

"ಏನೂ ಆಗಿಲ್ಲ ನರ್ಸಮ್ಮಾ. ನೀವು ಉಳಿಸಿದ ಮಗು, ತೋರಿಸೋಣ ಅಂತ ಬಂದೆ."

"ಚೆಂದಾಗಿರೋ ಮಗೀನ ಕಾಯಿಲೆ ಮಕ್ಳ ಮಧ್ಯಕ್ಕೆ ತಂದಿದ್ದೀಯಲ್ಲ, ಬುದ್ಧಿ ಅದಾ ನಿಂಗೆ? ಆಚ್ಗೆ ನಡಿ. ದಾರಿ ಬುಡು."

ಕಾಲಿಗೆ ಬೀಳಲೂ ಬಿಡಲಿಲ್ಲ. ತಂದದ್ದನ್ನು ಕಿಟಕಿಯಲ್ಲಿಟ್ಟು ಹೊರಬಂದೆ. ಆಮೇಲೆ ಅವರನ್ನು ನಾನು ನೋಡಲಿಲ್ಲ. ಅವತ್ತು ಗಿರಿಜೆ ನನ್ನ ಕೈ ಬಿಡಿಸಿಕೊಂಡು ಹ್ಯಾಂಡ್‌ಪೋಸ್ಟಿನ ದಾರಿಯಲ್ಲಿ ಓಡತೊಡಗಿದಳು. ಹಿಂದೆ ಓಡಿದೆ. ಏದುಸಿರು ಬಂದದ್ದು ನನಗೆ.